ಕಡತ: ಬಟ್ಟೆಯಿಂದ ಚಿಪ್‌ವರೆಗೆ

'ನಿಮ್ಮ ಕಡತ ಇನ್ನೂ ಸಾಹೇಬರ ಮೇಜಿನಿಂದ ಇಳಿದಿಲ್ಲ' ಎಂಬ ಮಾತನ್ನು ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಂತು ಕೇಳದವರು ವಿರಳ. ಗಣಕಯಂತ್ರ ಕನ್ನಡ ಕಲಿತಾಗ 'ಫೈಲ್' ಎಂಬುದಕ್ಕೆ ಅದೂ ಇದೇ ಪದವನ್ನು ಎತ್ತಿಕೊಂಡಿತು. ಕಡತ ತೆರೆ, ಕಡತ ಉಳಿಸು, ಕಡತ ಅಳಿಸು. ಆದರೆ ಕಡತ ಎಂಬುದು ಮೊದಲಿಗೆ ಕಾಗದದ ಕಟ್ಟಾಗಿರಲಿಲ್ಲ, ಅದು ಬಟ್ಟೆಯಾಗಿತ್ತು ಎಂಬುದು ಇಂದು ಬಹಳ ಜನರಿಗೆ ನೆನಪಿಲ್ಲ. ಆ ಬಟ್ಟೆಯ ಗುಣವನ್ನು ತಿಳಿದುಕೊಂಡರೆ ಮನೆಯ ಕಂಪ್ಯೂಟರಿಗೆ ಏನನ್ನು ಕೊಳ್ಳಬೇಕು ಎಂಬ ಇಂದಿನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಪ್ರಶ್ನೆ ಎದ್ದದ್ದು ಮೈಸೂರಿನ ನಮ್ಮ ಮನೆಯಲ್ಲೇ. 2014ರಲ್ಲಿ ಕೊಂಡ ಕಂಪ್ಯೂಟರ್, 4 ಗಿಗಾಬೈಟ್ ರ‍್ಯಾಮ್, 500 ಗಿಗಾಬೈಟ್ ಹಾರ್ಡ್ ಡಿಸ್ಕ್. ಬೆಳಿಗ್ಗೆ ಗುಂಡಿ ಒತ್ತಿ ಹಾಲು ತರಲು ಹೋದರೆ, ಹಾಲು ಕಾಯಿಸಿ ಕಾಫಿ ಬೆರೆಸುವ ಹೊತ್ತಿಗೆ ಯಂತ್ರ ಕಣ್ಣು ಬಿಡುತ್ತಿತ್ತು. ಒಂದು ಅಂಗಡಿಯವರು 'ರ‍್ಯಾಮ್ ಹಾಕಿಸಿ' ಎಂದರು. ಇನ್ನೊಬ್ಬರು 'ಎಸ್‌ಎಸ್‌ಡಿ ಹಾಕಿಸಿ, ಓಡುತ್ತೆ' ಎಂದರು. ಮೂರನೆಯವರು ಯಂತ್ರವನ್ನು ನೋಡದೆಯೇ 'ಹೊಸದು ತಗೊಳ್ಳಿ' ಎಂದರು. ಮೂವರೂ ಸುಳ್ಳು ಹೇಳಲಿಲ್ಲ. ಆದರೆ ಯಾವುದು ಏಕೆ ಎಂದು ಮೂವರೂ ಹೇಳಲಿಲ್ಲ. ಆ ಯಂತ್ರದಲ್ಲಿ ಇದ್ದದ್ದು ಅಜ್ಜಿ ಹೇಳಿದ ಹಸೆಹಾಡುಗಳ ಧ್ವನಿಮುದ್ರಣ, ಹನ್ನೊಂದು ವರ್ಷದ ಫೋಟೋಗಳು, ಮನೆಯ ಕಂದಾಯದ ರಸೀದಿಗಳು. ಅಜ್ಜಿ ಈಗಿಲ್ಲ. ಆದ್ದರಿಂದ ಪ್ರಶ್ನೆ ವೇಗದ್ದಷ್ಟೇ ಆಗಿರಲಿಲ್ಲ.

ಹುಣಿಸೆಬೀಜದ ಅಂಟು, ಇದ್ದಿಲ ಪುಡಿ

ಹಳೆಯ ಮೈಸೂರು ಸೀಮೆಯಲ್ಲಿ ಲೆಕ್ಕ ಬರೆಯಲು ಬಳಸುತ್ತಿದ್ದ ಕಡತದ ವಿವರಣೆಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಕೊಟ್ಟಿದ್ದಾನೆ. ಗ್ರಂಥದ ಮೊದಲ ಸಂಪುಟ 1810ರಲ್ಲಿ ಪ್ರಕಟವಾಯಿತು. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆಯ ಪಟ್ಟಿ. ಅದರ ಎರಡೂ ಮಗ್ಗುಲಿಗೆ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ಅಂಟನ್ನು ನಮ್ಮಲ್ಲಿ ಸಾಮಾನ್ಯವಾಗಿ ಹುಣಿಸೆಬೀಜದಿಂದ ತಯಾರಿಸುತ್ತಿದ್ದರು. ಒಣಗಿದ ಬಟ್ಟೆಯನ್ನು ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೂ ಮರದ ಹಲಗೆ ಕೂರಿಸಿದರೆ ಪುಸ್ತಕದಂತೆ ಕಾಣುವ ಕಡತ ಸಿದ್ಧ. ಬರೆಯಲು ಬಳಪದ ಕಡ್ಡಿ.

ಇದರ ವಿಶೇಷ ಏನೆಂದರೆ, ಸ್ಲೇಟಿನಂತೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸದಿದ್ದರೆ ಹಾಗೆಯೇ ಉಳಿಯುತ್ತಿತ್ತು. ಅಂಗಡಿಯವನ ದಿನದ ಸಾಲದ ಲೆಕ್ಕವೂ ಅದರಲ್ಲೇ, ಅರಮನೆಯ ಮತ್ತು ಮಠದ ದಾಖಲೆಯೂ ಅದರಲ್ಲೇ. ಸಾಕ್ಷಿಗಳ ಸಮೇತ ಕಡತದಲ್ಲಿ ಬರೆದ ಸಾಲಪತ್ರವನ್ನು ಪುರಾವೆಯೆಂದು ಒಪ್ಪಿದ್ದನ್ನು ತಾನೇ ಕಂಡಿದ್ದಾಗಿ ವಿಲ್ಕ್ಸ್ ದಾಖಲಿಸಿದ್ದಾನೆ. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಮುಖ್ಯ ಆಕರಗಳಾಗಿವೆ.

ಅಂದರೆ ಕಡತ ಎರಡು ಕೆಲಸ ಮಾಡುತ್ತಿತ್ತು. ಕೂಡಿ ಕಳೆದು ಒರೆಸಲು ಬೇಕಾದ ಸ್ಲೇಟೂ ಅದೇ, ಕಟ್ಟಿ ಇಡಲು ಬೇಕಾದ ದಾಖಲೆಯೂ ಅದೇ. ಕಂಪ್ಯೂಟರಿನಲ್ಲಿ ಈ ಎರಡು ಕೆಲಸಗಳು ಬೇರೆಯಾಗಿವೆ. ಒಂದು ರ‍್ಯಾಮ್, ಮತ್ತೊಂದು ಡಿಸ್ಕ್. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಅಂಗಡಿಯಲ್ಲಿ ಅರ್ಧ ಗೊಂದಲ ಹುಟ್ಟುತ್ತದೆ.

ಮೇಜು ಮತ್ತು ಬೀರು

ಒಬ್ಬ ಗುಮಾಸ್ತರನ್ನು ಕಲ್ಪಿಸಿಕೊಳ್ಳಿ. ಅವರ ಮುಂದೆ ಮೇಜು, ಹಿಂದೆ ಬೀರು. ಕೆಲಸಕ್ಕೆ ಬೇಕಾದ ಕಾಗದಗಳನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಹರಡಿಕೊಳ್ಳುತ್ತಾರೆ. ಮೇಜು ರ‍್ಯಾಮ್, ಬೀರು ಡಿಸ್ಕ್. ಮೇಜು ಚಿಕ್ಕದಾದರೆ ಒಂದು ಕಾಗದ ಇಡಲು ಇನ್ನೊಂದನ್ನು ಎತ್ತಿ ಬೀರುವಿಗೆ ಹಾಕಬೇಕು, ಮರುಕ್ಷಣ ಅದನ್ನೇ ಮತ್ತೆ ತರಬೇಕು. ಬೀರುವಿನ ಬಾಗಿಲು ಬಿಗಿಯಾಗಿದ್ದರೆ ಪ್ರತಿ ಬಾರಿಯೂ ತಡ. ನಮ್ಮ ಮನೆಯ ಯಂತ್ರದಲ್ಲಿ ಮೇಜೂ ಚಿಕ್ಕದಾಗಿತ್ತು, ಬೀರುವಿನ ಬಾಗಿಲೂ ಬಿಗಿಯಾಗಿತ್ತು.

ಸಂಜೆ ಕಚೇರಿ ಮುಚ್ಚಿದಾಗ ಮೇಜು ಖಾಲಿಯಾಗಬೇಕು. ರ‍್ಯಾಮ್‌ನಲ್ಲೂ ಹಾಗೆಯೇ. ವಿದ್ಯುತ್ ಹೋದ ಕೂಡಲೇ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕರೆಂಟ್ ಹೋದಾಗ ಉಳಿಸದ ಪತ್ರ ಮಾಯವಾಗುವುದು ಇದರಿಂದಲೇ.

ಮರೆಯುವ ಚಿಪ್ಪು ಬಂದ ಬಗೆ

ಕಂಪ್ಯೂಟರಿನ ನೆನಪು ಯಾವಾಗಲೂ ಹೀಗೆ ಮರೆಗುಳಿಯಾಗಿರಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಭಾರತೀಯರೇ ಕಟ್ಟಿ 1960ರಲ್ಲಿ ಚಾಲನೆಗೊಳಿಸಿದ 'ಟಿಫ್ರಾಕ್' ಯಂತ್ರದಲ್ಲಿ ಕಾಂತೀಯ ಬಳೆಗಳ ಸ್ಮೃತಿಯಿತ್ತು. ತಂತಿಗಳ ಜಾಲದಲ್ಲಿ ಪೋಣಿಸಿದ ಪುಟ್ಟ ಫೆರೈಟ್ ಉಂಗುರಗಳು. ಒಂದೊಂದು ಉಂಗುರ ಒಂದೊಂದು ಬಿಟ್, ಅಂದರೆ ಸೊನ್ನೆ ಅಥವಾ ಒಂದು. 40 ಬಿಟ್‌ಗಳ 2048 ಪದಗಳು ಅದರ ಸಾಮರ್ಥ್ಯ. ಇಂದಿನ ಲೆಕ್ಕದಲ್ಲಿ 10 ಕಿಲೋಬೈಟ್. ಕಾಂತತ್ವ ವಿದ್ಯುತ್ತಿಲ್ಲದೆಯೂ ಉಳಿಯುವುದರಿಂದ ಅಂಥ ಸ್ಮೃತಿ ಯಂತ್ರ ನಿಂತರೂ ಮರೆಯುತ್ತಿರಲಿಲ್ಲ. ಆದರೆ ಉಂಗುರಗಳನ್ನು ಪೋಣಿಸುವುದು ಹೂ ಕಟ್ಟುವಷ್ಟೇ ನಾಜೂಕಾದ ಕೈಕೆಲಸ. ಬೆಲೆ ಇಳಿಯುವುದು ಕಷ್ಟ.

1966ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಒಂದು ಬಿಟ್ ನೆನಪಿಡಲು ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರ್ ಸಾಕು ಎಂಬ ಉಪಾಯ ಕಂಡುಹಿಡಿದರು. ಕೆಪಾಸಿಟರ್ ಎಂದರೆ ವಿದ್ಯುದಂಶ ತುಂಬಿಡುವ ಪಾತ್ರೆ. ಆದರೆ ಅದು ತೂತಿನ ಪಾತ್ರೆ. ತುಂಬಿದ್ದು ಸೋರುತ್ತಲೇ ಇರುತ್ತದೆ. ಆದ್ದರಿಂದ ಸೆಕೆಂಡಿಗೆ ಸುಮಾರು 15 ಬಾರಿ ಅದನ್ನು ಓದಿ ಮತ್ತೆ ತುಂಬಬೇಕು. ಇದೇ ಇಂದಿನ ಡಿ-ರ‍್ಯಾಮ್. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ '1103' ಎಂಬ ಚಿಪ್ ಸಾವಿರದ ಇಪ್ಪತ್ತನಾಲ್ಕು ಬಿಟ್, ಅಂದರೆ 128 ಬೈಟ್ ಹಿಡಿಯುತ್ತಿತ್ತು. ಇಂದಿನ ಯುನಿಕೋಡ್ ಪದ್ಧತಿಯಲ್ಲಿ 'ಮೈಸೂರು' ಎಂದು ಬರೆಯಲು ಸಾಮಾನ್ಯವಾಗಿ 18 ಬೈಟ್ ಬೇಕು. ಆ ಚಿಪ್‌ನಲ್ಲಿ ನಮ್ಮ ಊರಿನ ಹೆಸರನ್ನು ಏಳು ಬಾರಿ ಬರೆಯಬಹುದಿತ್ತು, ಅಷ್ಟೇ. 8 ಗಿಗಾಬೈಟ್ ರ‍್ಯಾಮ್‌ನಲ್ಲಿ ಅದನ್ನು 47 ಕೋಟಿಗೂ ಹೆಚ್ಚು ಬಾರಿ ಬರೆಯಬಹುದು. ನೆನಪು ಅಗ್ಗವಾಯಿತು, ಅದರ ಜೊತೆಗೆ ಮರೆವೂ ಅಂಟಿಕೊಂಡಿತು.

ಅಗ್ಗವಾದ ಫಲ ಮೈಸೂರಿಗೂ ಬಂತು. 1980ರ ದಶಕದಲ್ಲಿ ವಿಪ್ರೊ ಕಂಪನಿ ಮೈಸೂರಿನ ತನ್ನ ಕಾರ್ಖಾನೆಯಲ್ಲಿ ಕಂಪ್ಯೂಟರ್‌ಗಳನ್ನು ತಯಾರಿಸುತ್ತಿತ್ತು. ಆಗ ಅವು ಮನೆಗಳಿಗಲ್ಲ, ಕಚೇರಿ ಕಾರ್ಖಾನೆಗಳಿಗೆ ಹೋಗುತ್ತಿದ್ದವು.

ತಿರುಗುವ ತಟ್ಟೆ, ಮಿಂಚುವ ಚಿಪ್

ಇನ್ನು ಬೀರುವಿನ ಕಥೆ. 1956ರಲ್ಲಿ ಐಬಿಎಂ 'ರಾಮ್ಯಾಕ್' ಯಂತ್ರದೊಂದಿಗೆ ಮೊದಲ ಹಾರ್ಡ್ ಡಿಸ್ಕನ್ನು ತಂದಿತು. ಎರಡು ಅಡಿ ವ್ಯಾಸದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಆ ಬಳಿಕ ತಟ್ಟೆ ಅಂಗೈಯಗಲಕ್ಕೆ ಇಳಿದರೂ ತತ್ವ ಬದಲಾಗಲಿಲ್ಲ. ತಟ್ಟೆ ತಿರುಗಬೇಕು, ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ಅಕ್ಷರ ಅದರ ಕೆಳಗೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗೂ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮುಳ್ಳು ಸರಿಯುವ ಹೊತ್ತನ್ನೂ ಸೇರಿಸಿದರೆ ಚದುರಿದ ಜಾಗಗಳಿಂದ ಸೆಕೆಂಡಿಗೆ ನೂರು ಬಾರಿ ಓದುವುದೂ ಕಷ್ಟ. ಯಂತ್ರ ಶುರುವಾಗುವಾಗ ಸಾವಿರಾರು ಚಿಕ್ಕ ಕಡತಗಳನ್ನು ಅಲ್ಲಲ್ಲಿಂದ ಹೆಕ್ಕಬೇಕು. ನಮ್ಮ ಹಾಲು ಕಾಫಿಯಾಗುವಷ್ಟು ತಡವಾಗುತ್ತಿದ್ದುದರ ಮುಖ್ಯ ಕಾರಣ ಇದು.

ತಿರುಗುವ ಭಾಗವೇ ಇಲ್ಲದ ಬೀರುವಿಗೆ ದಾರಿ ಮಾಡಿದವರು ಜಪಾನಿನ ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ. 1984ರಲ್ಲಿ ಅವರು ತಮ್ಮ 'ಫ್ಲ್ಯಾಷ್' ಸ್ಮೃತಿಯನ್ನು ವಿದ್ವಾಂಸರ ಮುಂದಿಟ್ಟರು. 1987ರಲ್ಲಿ ಅದರ 'ನ್ಯಾಂಡ್' ಎಂಬ ರೂಪ ಬಂತು. ಇಡೀ ಒಂದು ಭಾಗವನ್ನು ಒಟ್ಟಿಗೇ ಅಳಿಸುವ ರೀತಿ ಕ್ಯಾಮೆರಾದ ಫ್ಲ್ಯಾಷ್ ಮಿಂಚಿದಂತೆ ಕಂಡಿತೆಂದು ಸಹೋದ್ಯೋಗಿಯೊಬ್ಬರು ಈ ಹೆಸರು ಸೂಚಿಸಿದರಂತೆ. ಇಲ್ಲಿ ಎಲೆಕ್ಟ್ರಾನ್‌ಗಳನ್ನು ತೆಳುವಾದ ನಿರೋಧಕ ಪದರದ ಆಚೆಗೆ ನೂಕಿ ಕೂಡಿಹಾಕಲಾಗುತ್ತದೆ. ವಿದ್ಯುತ್ ಹೋದರೂ ಅವು ಅಲ್ಲೇ ಉಳಿಯುತ್ತವೆ. 1991ರಲ್ಲಿ ಸನ್‌ಡಿಸ್ಕ್ ಕಂಪನಿ (ಅದೇ ಮುಂದೆ ಸ್ಯಾನ್‌ಡಿಸ್ಕ್ ಆಯಿತು, ಅದರ ಸ್ಥಾಪಕರಲ್ಲಿ ಭಾರತ ಮೂಲದ ಸಂಜಯ್ ಮೆಹ್ರೋತ್ರಾ ಒಬ್ಬರು) ಇಂಥ ಚಿಪ್‌ಗಳಿಂದ ಡಿಸ್ಕ್ ತಯಾರಿಸಿತು. ಸಾಮರ್ಥ್ಯ 20 ಮೆಗಾಬೈಟ್, ಬೆಲೆ ಸುಮಾರು ಒಂದು ಸಾವಿರ ಡಾಲರ್. ಇಂದು ನಾವು ಎಸ್‌ಎಸ್‌ಡಿ ಎನ್ನುವುದು ಅದರ ಮರಿಮಗ.

ಈಗ ಬಟ್ಟೆಯ ಕಡತವನ್ನು ಮತ್ತೆ ನೆನಪಿಸಿಕೊಳ್ಳಿ. ಅದರಲ್ಲಿ ಬರೆದ ಜಾಗದಲ್ಲಿ ಒರೆಸದೆ ಬರೆಯುವಂತಿಲ್ಲ. ಫ್ಲ್ಯಾಷ್ ಚಿಪ್‌ನಲ್ಲೂ ಅಷ್ಟೇ. ಮೊದಲು ಅಳಿಸಬೇಕು, ಆಮೇಲೆ ಬರೆಯಬೇಕು. ಒರೆಸಿ ಒರೆಸಿ ಬಟ್ಟೆಯ ಲೇಪ ಸವೆಯುವಂತೆ ಇಲ್ಲೂ ಅಳಿಸಿದಷ್ಟೂ ನಿರೋಧಕ ಪದರ ಸವೆಯುತ್ತದೆ. ಕಡತಕ್ಕಾದರೆ ಹೊಸ ಲೇಪ ಬಳಿಯಬಹುದಿತ್ತು. ಚಿಪ್‌ಗೆ ಬಳಿಯಲಾಗದು. ಅದಕ್ಕಾಗಿಯೇ ಎಸ್‌ಎಸ್‌ಡಿಯೊಳಗಿನ ನಿಯಂತ್ರಕ ಬರವಣಿಗೆಯನ್ನು ಎಲ್ಲ ಕಡೆಗೂ ಸಮವಾಗಿ ಹಂಚುತ್ತದೆ.

ಯಾವುದು ಮೊದಲು?

ಅಂಗಡಿಗೆ ಹೋಗುವ ಮುನ್ನ ಯಂತ್ರವನ್ನೇ ಕೇಳುವುದು ಒಳ್ಳೆಯದು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ದಿನನಿತ್ಯ ಮಾಡುವ ಕೆಲಸಗಳನ್ನೆಲ್ಲ ಒಟ್ಟಿಗೆ ತೆರೆದಿಟ್ಟು ಅಲ್ಲಿನ ಅಂಕಿಗಳನ್ನು ನೋಡಿ. ಮೆಮೊರಿ ಸದಾ ನೂರಕ್ಕೆ ಎಂಬತ್ತೈದು ದಾಟಿದ್ದರೆ ಮೇಜು ಚಿಕ್ಕದು. ಮೆಮೊರಿ ಖಾಲಿಯಿದ್ದೂ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ ಬೀರುವಿನದೇ ದೋಷ. ಎರಡೂ ಮೇಲಿದ್ದರೆ, ಮೇಜಿನ ಮೇಲೆ ಹಿಡಿಸದ್ದನ್ನು ಯಂತ್ರ ಬೀರುವಿಗೆ ಹಾಕಿ ತೆಗೆದು ಮಾಡುತ್ತಿದೆ ಎಂದು ಅರ್ಥ.

ಸ್ಥೂಲವಾಗಿ ಹೇಳುವುದಾದರೆ, 8 ಗಿಗಾಬೈಟ್ ರ‍್ಯಾಮ್ ಇದ್ದು ಇನ್ನೂ ತಿರುಗುವ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿಯೇ ಮೊದಲ ಮದ್ದು. ರ‍್ಯಾಮ್ 4 ಗಿಗಾಬೈಟ್ ಮಾತ್ರ ಇದ್ದರೆ ಎರಡೂ ಬೇಕು. ಈಗಾಗಲೇ ಎಸ್‌ಎಸ್‌ಡಿ ಇದ್ದು ಹತ್ತಾರು ಪುಟ ತೆರೆದಾಗ ಮಾತ್ರ ಯಂತ್ರ ಮುಗ್ಗರಿಸಿದರೆ ರ‍್ಯಾಮ್ ಸಾಕು. ಪತ್ರ, ಅಂತರ್ಜಾಲ, ಮಕ್ಕಳ ಪಾಠಕ್ಕೆ 8 ಗಿಗಾಬೈಟ್ ನಡೆಯುತ್ತದೆ. ಫೋಟೋ ತಿದ್ದುವವರಿಗೆ, ಒಟ್ಟಿಗೆ ಹಲವು ಕೆಲಸ ಮಾಡುವವರಿಗೆ 16 ಒಳ್ಳೆಯದು. ವಿಡಿಯೊ ಸಂಕಲನ ಮಾಡುವವರಿಗೆ 32. ಅದಕ್ಕಿಂತ ಹೆಚ್ಚು ಹಾಕಿಸಿದರೆ ದೊಡ್ಡ ಮೇಜಿನ ಮೂಲೆಯಲ್ಲಿ ಕೂತು ಬರೆದಂತೆ.

ರ‍್ಯಾಮ್ ಕೊಳ್ಳುವಾಗ ತಲೆಮಾರು ಮುಖ್ಯ. ಡಿಡಿಆರ್3 (2007), ಡಿಡಿಆರ್4 (2014), ಡಿಡಿಆರ್5 (2020) ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಪ್ಪಾಗಿ ಒತ್ತದಿರಲೆಂದು ಪಟ್ಟಿಯ ಕಚ್ಚನ್ನೇ ಬೇರೆ ಬೇರೆ ಜಾಗದಲ್ಲಿ ಕೊರೆದಿರುತ್ತಾರೆ. ಲ್ಯಾಪ್‌ಟಾಪಿನ ಪಟ್ಟಿ ಚಿಕ್ಕದು, ಮೇಜಿನ ಯಂತ್ರದ್ದು ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರುತ್ತಾರೆ. ಅಲ್ಲಿ ಬದಲಿಸುವ ಮಾತೇ ಇಲ್ಲ. ಸಮನಾದ ಎರಡು ಪಟ್ಟಿ ಹಾಕಿದರೆ ಎರಡು ದಾರಿಗಳಲ್ಲಿ ಒಟ್ಟಿಗೆ ಸಂಚಾರವಾಗಿ ಒಂದು ದೊಡ್ಡ ಪಟ್ಟಿಗಿಂತ ತುಸು ಚುರುಕಾಗುತ್ತದೆ.

ಎಸ್‌ಎಸ್‌ಡಿಯಲ್ಲಿ ಎರಡು ಬಗೆ. ಹಳೆಯ ಹಾರ್ಡ್ ಡಿಸ್ಕಿನ ತಂತಿಗೇ ಜೋಡಿಸುವ 'ಸಾಟಾ' ಬಗೆ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ. ಹೊಸ ಯಂತ್ರಗಳ 'ಎಂ.2' ಕಿಂಡಿಗೆ ಕೂರುವ 'ಎನ್‌ವಿಎಂಇ' ಬಗೆ ಅದರ ಆರೇಳು ಪಟ್ಟು, ಇನ್ನೂ ಹೊಸದಾದರೆ ಹನ್ನೆರಡು ಪಟ್ಟು. ಆದರೆ ಎಂ.2 ಕಿಂಡಿ ಇದ್ದ ಮಾತ್ರಕ್ಕೆ ಅದು ಎನ್‌ವಿಎಂಇ ಒಪ್ಪುತ್ತದೆ ಎಂದಲ್ಲ, ಕೈಪಿಡಿ ನೋಡಬೇಕು. ಮನೆಬಳಕೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗಲೇ ಹೆಚ್ಚು. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಜಾಹೀರಾತಿನ ಅಂಕಿಯಷ್ಟು ಅನುಭವಕ್ಕೆ ಬಾರದು.

ಸವೆಯುವುದಾದರೆ ಎಷ್ಟು ದಿನ ಬಾಳುತ್ತದೆ ಎಂಬ ಅಂಜಿಕೆ ಸಹಜ. 500 ಗಿಗಾಬೈಟಿನ ಮಧ್ಯಮ ದರ್ಜೆಯ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 300 ಟೆರಾಬೈಟ್ ಆಸುಪಾಸಿನ ಬರವಣಿಗೆಯ ಖಾತರಿ ಇರುತ್ತದೆ. ದಿನಕ್ಕೆ 20 ಗಿಗಾಬೈಟ್ ಬರೆದರೂ ಅದು ಸವೆಯಲು ನಲವತ್ತು ವರ್ಷ ಬೇಕು. ಹಾಗಾಗಿ ಸವೆತಕ್ಕೆ ಹೆದರಬೇಕಿಲ್ಲ. ಒಂದೇ ಕೋಶದಲ್ಲಿ ಮೂರು ಬಿಟ್ ತುಂಬುವ 'ಟಿಎಲ್‌ಸಿ' ಬಗೆಯನ್ನು ನಾಲ್ಕು ಬಿಟ್ ತುಂಬುವ 'ಕ್ಯೂಎಲ್‌ಸಿ'ಗಿಂತ ಮೇಲೆಂದು ಆರಿಸಿದರೆ ಸಾಕು. ಇನ್ನೊಂದು ಮಾತು. 500 ಎಂದು ಬರೆದದ್ದು ಯಂತ್ರದಲ್ಲಿ 465 ಎಂದು ತೋರಿದರೆ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸವಷ್ಟೇ ಅದು. ಆದರೆ ಪುಡಿಗಾಸಿಗೆ ಹತ್ತಾರು ಟೆರಾಬೈಟ್ ಕೊಡುತ್ತೇವೆನ್ನುವ ಮಾಲು ಕಂಡರೆ ದೂರವಿರಿ.

ಬೆಲೆಯ ಏರಿಳಿತ

ಚಿನ್ನದಂತೆ ಚಿಪ್ಪಿನ ಬೆಲೆಗೂ ದೂರದ ದೇಶದ ಗಾಳಿ ತಾಗುತ್ತದೆ. 1993ರ ಜುಲೈನಲ್ಲಿ ಜಪಾನಿನ ನೀಹಾಮದಲ್ಲಿ ಚಿಪ್‌ಗಳ ಹೊದಿಕೆಗೆ ಬೇಕಾದ ರಾಳ ತಯಾರಿಸುವ ಒಂದು ಕಾರ್ಖಾನೆ ಸ್ಫೋಟಗೊಂಡದ್ದೇ ತಡ, ಲೋಕದಾದ್ಯಂತ ರ‍್ಯಾಮ್ ಬೆಲೆ ಜಿಗಿಯಿತು. 2011ರಲ್ಲಿ ಥಾಯ್ಲೆಂಡಿನ ನೆರೆ ಹಾರ್ಡ್ ಡಿಸ್ಕನ್ನು ದುಬಾರಿ ಮಾಡಿತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಸ್ಮೃತಿ ಚಿಪ್‌ಗಳನ್ನು ರಾಶಿ ರಾಶಿಯಾಗಿ ಕೊಳ್ಳತೊಡಗಿದ್ದರಿಂದ ರ‍್ಯಾಮ್ ಬೆಲೆ ಮತ್ತೆ ತೀವ್ರವಾಗಿ ಏರಿತು. ಮೈಕ್ರಾನ್ ಕಂಪನಿ ಮನೆಬಳಕೆಯ ಗಿರಾಕಿಗಳಿಗೆ 'ಕ್ರೂಶಿಯಲ್' ಹೆಸರಿನಲ್ಲಿ ನಡೆಸುತ್ತಿದ್ದ ವ್ಯಾಪಾರವನ್ನು ಕೈಬಿಡುವುದಾಗಿ ಅದೇ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥ ಕಾಲದಲ್ಲಿ 'ಇರಲಿ, ಮುಂದಕ್ಕೆ ಬೇಕಾದೀತು' ಎಂದು ಹೆಚ್ಚು ಕೊಳ್ಳುವುದಕ್ಕಿಂತ ಬೇಕಾದಷ್ಟನ್ನು ಅಳೆದು ಕೊಳ್ಳುವುದೇ ಲೇಸು.

ಹಳೆಯ ಯಂತ್ರಕ್ಕೆ ಹಣ ಹಾಕುವ ಮುನ್ನ ಇನ್ನೊಂದು ಲೆಕ್ಕವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಸಂಸ್ಕಾರಕಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ರ‍್ಯಾಮ್ ಎಷ್ಟು ಹಾಕಿದರೂ, ಎಸ್‌ಎಸ್‌ಡಿ ಎಷ್ಟು ಚುರುಕಾಗಿದ್ದರೂ ಸಂಸ್ಕಾರಕದ ವಯಸ್ಸು ಕಡಿಮೆಯಾಗದು. ಅಂಥ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡು ಬಳಸುವ ಮನಸ್ಸಿದ್ದರೆ ಮಾತ್ರ ಖರ್ಚು ಸಾರ್ಥಕ.

ಬೀರುವಿನಲ್ಲಿಟ್ಟ ಮರೆವು

ನಮ್ಮ ಮನೆಯವರು ಕೊನೆಗೆ ಹೀಗೆ ಮಾಡಿದೆವು. ಬಳಸಿದ್ದೇ ಆದ ಇನ್ನೊಂದು 4 ಗಿಗಾಬೈಟ್ ಡಿಡಿಆರ್3 ಪಟ್ಟಿ, ಹೊಸದೊಂದು 500 ಗಿಗಾಬೈಟ್ ಸಾಟಾ ಎಸ್‌ಎಸ್‌ಡಿ, ವಿಂಡೋಸ್ ಬದಲು ಲಿನಕ್ಸ್. ಹಾಲಿನ ಗಿರಣಿಯವರೆಗೂ ಹೋಗಬೇಕಿಲ್ಲ. ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಯಂತ್ರ ಸಿದ್ಧ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹಳೆಯದನ್ನೆಲ್ಲ ಒಂದೆಡೆ ಸೇರಿಸೋಣವೆಂದು ಇದಕ್ಕೂ ಹಿಂದಿನ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಹುಡುಕಿದೆವು. ಬಟ್ಟೆಯಲ್ಲಿ ಸುತ್ತಿ, ರೇಷ್ಮೆ ಸೀರೆಗಳ ಪಕ್ಕ, ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೆವು. ತಂತಿ ಜೋಡಿಸಿದಾಗ ಅದು ಎರಡು ಬಾರಿ 'ಟಕ್' ಎಂದು ಸದ್ದು ಮಾಡಿ ಸುಮ್ಮನಾಯಿತು. ತಾತನ ಕೊನೆಯ ವರ್ಷಗಳ ಫೋಟೋಗಳು ಇದ್ದದ್ದು ಅದರಲ್ಲಿ ಮಾತ್ರ. ತಪ್ಪು ಡಿಸ್ಕಿನದಲ್ಲ. ಒಂದೇ ಪ್ರತಿ ಇಟ್ಟುಕೊಂಡು ಅದನ್ನೇ ಭದ್ರ ಎಂದುಕೊಂಡ ನಮ್ಮದು.

ಎಸ್‌ಎಸ್‌ಡಿ ಆಗಿದ್ದರೆ ಉಳಿಯುತ್ತಿತ್ತೇ? ಖಾತರಿಯಿಲ್ಲ. ಕೂಡಿಹಾಕಿದ ಎಲೆಕ್ಟ್ರಾನ್‌ಗಳೂ ನಿಧಾನವಾಗಿ ಸೋರುತ್ತವೆ. ಉದ್ಯಮದ ಮಾನದಂಡ ಹೇಳುವುದು ಇಷ್ಟೇ: ಬರವಣಿಗೆಯ ಆಯಸ್ಸು ಪೂರ್ತಿ ಮುಗಿದ ಮನೆಬಳಕೆಯ ಎಸ್‌ಎಸ್‌ಡಿ, 30 ಡಿಗ್ರಿ ಶಾಖದಲ್ಲಿ, ವಿದ್ಯುತ್ ಇಲ್ಲದೆ ಒಂದು ವರ್ಷ ಮಾಹಿತಿಯನ್ನು ಹಿಡಿದಿಡಬೇಕು. ಹೊಸ ಎಸ್‌ಎಸ್‌ಡಿ ಇನ್ನೂ ಹೆಚ್ಚು ಕಾಲ ಹಿಡಿದೀತು. ಆದರೂ ಅದು ದಿನವೂ ತೆರೆಯುವ ಬೀರುವೇ ಹೊರತು ಮೊಮ್ಮಕ್ಕಳಿಗಾಗಿ ಹೂತಿಡುವ ಕೊಪ್ಪರಿಗೆಯಲ್ಲ.

ಹಾಗಾದರೆ ನೆನಪು ಉಳಿಯುವುದು ಹೇಗೆ? ಉತ್ತರ ನಮ್ಮ ಊರಿನಲ್ಲೇ ಇದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಆರಂಭವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆ ಎಂಬುದನ್ನು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಲೋಕಕ್ಕೆ ತಿಳಿಸಿದರು. 1909ರಲ್ಲಿ ಅದು ಮೈಸೂರಿನಲ್ಲೇ ಅಚ್ಚಾಯಿತು. ಆದರೆ ಆ ಗರಿಗಳು ಕೌಟಿಲ್ಯನ ಕಾಲದವಲ್ಲ. ತಾಳೆಗರಿ ಎಷ್ಟೇ ಎಣ್ಣೆ ಹಚ್ಚಿ ಕಾಪಾಡಿದರೂ ಕೆಲವು ಶತಮಾನ ಬಾಳೀತು. ಅಷ್ಟರೊಳಗೆ ಯಾರೋ ಒಬ್ಬರು ಕಂಠ ಹಿಡಿದು ಮತ್ತೊಂದು ಪ್ರತಿ ಮಾಡಿದ್ದರು. ಅವರ ಪ್ರತಿ ಸವೆಯುವ ಮುನ್ನ ಮತ್ತೊಬ್ಬರು. ಗ್ರಂಥ ಉಳಿದದ್ದು ಗರಿಯ ಗಟ್ಟಿತನದಿಂದಲ್ಲ, ಹೆಸರು ಉಳಿಯದ ಆ ಲಿಪಿಕಾರರ ಕೈಯಿಂದ.

ಚಿಪ್ ಮತ್ತು ತಾಳೆಗರಿಯ ನಡುವೆ ನೇರ ನಂಟು ಬೆಳೆದ ಪ್ರಸಂಗವೂ ನಮ್ಮ ನಾಡಿನದೇ. ಉಡುಪಿಯ ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿ ಪ್ರತಿ ಶಿಥಿಲವಾಗುತ್ತಿದ್ದಾಗ ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿದ್ಯಾಲಯದ ಪ್ರೊ. ಪಿ.ಆರ್. ಮುಕುಂದ್ ಮತ್ತು ಸಂಗಡಿಗರು 2006ರ ಹೊತ್ತಿಗೆ ಅದನ್ನು ಡಿಜಿಟಲ್ ಚಿತ್ರಗಳಾಗಿ ಸೆರೆಹಿಡಿದರು. ಮುಕುಂದ್ ಅವರ ವಿಷಯ ಚಿಪ್‌ಗಳ ವಿನ್ಯಾಸ. ಆ ಚಿತ್ರಗಳನ್ನು ಸಿಲಿಕಾನ್ ಬಿಲ್ಲೆಗಳ ಮೇಲೆ ಲೋಹದಲ್ಲಿ ಮೂಡಿಸಿ ಇಡುವ ಕ್ರಮವನ್ನೂ ಅವರ ತಂಡ ರೂಪಿಸಿತು. ಸೊನ್ನೆ ಒಂದುಗಳಾಗಿ ಅಲ್ಲ, ಅಕ್ಷರದ ಚಿತ್ರವಾಗಿಯೇ. ಅದನ್ನು ಓದಲು ಕಂಪ್ಯೂಟರ್ ಬೇಡ, ದೊಡ್ಡದು ಮಾಡಿ ತೋರಿಸುವ ಕನ್ನಡಿ ಸಾಕು. ಚಿಪ್ ಬಲ್ಲವರೇ ಚಿಪ್‌ನ ನೆನಪನ್ನು ನೆಚ್ಚಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ.

ಮನೆಯವರು ಸಿಲಿಕಾನ್ ಬಿಲ್ಲೆ ಮಾಡಿಸಲಾರರು. ಮೂರು ಪ್ರತಿ ಇಡಬಲ್ಲರು. ಒಂದು ಯಂತ್ರದೊಳಗಿನ ಎಸ್‌ಎಸ್‌ಡಿಯಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೊಂದು ಊರಿನ ನೆಂಟರ ಮನೆಯಲ್ಲೋ ಅಂತರ್ಜಾಲದ ಸಂಗ್ರಹದಲ್ಲೋ. ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಆಯುಧಪೂಜೆಯ ದಿನ ಮೈಸೂರಿನಲ್ಲಿ ಸೈಕಲ್ಲಿನಿಂದ ಹಿಡಿದು ಕಂಪ್ಯೂಟರ್‌ವರೆಗೆ ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಕುಂಕುಮ ಇಟ್ಟ ಕೈಯಲ್ಲೇ ಆ ಹೊರಗಿನ ಡಿಸ್ಕನ್ನೂ ಒಮ್ಮೆ ಜೋಡಿಸಿ, ಹೊಸದನ್ನು ಸೇರಿಸಿ, ಹಳೆಯದು ತೆರೆಯುತ್ತದೆಯೇ ಎಂದು ನೋಡಿದರೆ ಮರೆಯುವ ಪ್ರಶ್ನೆ ಇರುವುದಿಲ್ಲ.

ನಮ್ಮ ಯಂತ್ರದ ಪರದೆ ಈಗ ಕನ್ನಡದಲ್ಲಿದೆ. ಬರೆಯುವ ತಂತ್ರಾಂಶ ತೆರೆದರೆ ಎಡಮೂಲೆಯ ಮೊದಲ ಪದ 'ಕಡತ'. ಅಜ್ಜಿಯ ಹಸೆಹಾಡುಗಳು ಇದೀಗ ಮೂರು ಕಡೆ ಇವೆ. ಮೂರನೆಯ ಪ್ರತಿ ಮಾಡುವಾಗ ತಂಗಿ ಅವುಗಳನ್ನು ಕೇಳುತ್ತ ಒಂದು ಹಾಳೆಯಲ್ಲಿ ಬರೆದುಕೊಂಡಳು. ಲೆಕ್ಕಕ್ಕೆ ಅದು ನಾಲ್ಕನೆಯದು.